‘ಅಂಕಲ್ ಬೈಕ್’ ಎಂದು ನಗುವವರಿಗೆ



ನಮ್ಮ ಯುವಸಂಘದ ಹುಡುಗನೊಬ್ಬ ಮೂರು ವರ್ಷ ಓಡಿಸಿದ ಸ್ಪೋರ್ಟ್ಸ್ ಬೈಕನ್ನು ಮಾರಿ 125 ಸಿಸಿಯ ಸಾದಾ ಬೈಕ್ ತೆಗೆದುಕೊಂಡದ್ದು ಈಗ ಎಲ್ಲರ ಬಾಯಿಗೆ ಆಹಾರವಾಗಿದೆ. ಆದಿತ್ಯವಾರ ಪೂಜೆ ಬಿಟ್ಟ ಮೇಲೆ ಚರ್ಚ್ ಅಂಗಳದಲ್ಲಿ "ಎಂತ ಮಾರಾಯ, ಇಷ್ಟು ಬೇಗ ಅಜ್ಜ ಆದೆಯಾ?" ಎಂದು ಒಬ್ಬ ಕೇಳಿದ. "ಹಿಂದೆ ಹಾಲಿನ ಕ್ಯಾನ್ ಕಟ್ಟುವುದು ಯಾವಾಗ?" ಎಂದು ಇನ್ನೊಬ್ಬ. ವಾಟ್ಸಪ್ಪಿನಲ್ಲಿ ಅದಕ್ಕೆ ‘ಅಂಕಲ್ ಬೈಕ್’ ಎಂಬ ಹೆಸರೂ ಬಿದ್ದಾಯಿತು. ಹುಡುಗ ಸೌಮ್ಯ ಸ್ವಭಾವದವನು, ನಕ್ಕು ಸುಮ್ಮನಾಗಿದ್ದಾನೆ. ಅವನು ಸುಮ್ಮನಿರಲಿ, ನಾವು ಇರುವುದಿಲ್ಲ.

ಅವನು ಮಾಡಿದ್ದು ಸರಿ. ನಗುವವರದ್ದು ತಪ್ಪು. ಇದು ಬರೀ ತಮಾಷೆ, ಬಿಡಿ ಎನ್ನಲು ನಮಗೆ ಮನಸ್ಸಿಲ್ಲ, ಏಕೆಂದರೆ ಈ ನಗೆಗೆ ಹೆದರಿ ಮೈಗೆ ಒಗ್ಗದ ಬೈಕಿನ ಮೇಲೆಯೇ ವರ್ಷಗಟ್ಟಲೆ ಕುಳಿತಿರುವ ಹುಡುಗರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಸಂಜೆ ಮನೆಗೆ ಬಂದು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ಬೆಳಿಗ್ಗೆ ಮತ್ತೆ ಅದರ ಮೇಲೆಯೇ ಬಗ್ಗುತ್ತಾರೆ.

ನಾವು ಎಲ್ಲಿಯವರು, ಎಲ್ಲಿಗೆ ಹೋಗುವವರು ಎಂಬುದನ್ನು ಮೊದಲು ನೋಡೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಗಡಿ ತಲಪಾಡಿಗೆ ಬಂತು. ಆದರೆ ನಮ್ಮ ಕಾಲೇಜು, ಆಸ್ಪತ್ರೆ, ಕೆಲಸ, ಜವಳಿ ಎಲ್ಲವೂ ಮಂಗಳೂರಿನಲ್ಲಿಯೇ ಉಳಿದವು. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ನಾವು ಮಂಗಳೂರಿಗೆ ಎಷ್ಟು ಕಟ್ಟುಬಿದ್ದವರೆಂದು ಚಿಕ್ಕ ಮಕ್ಕಳಿಗೂ ಗೊತ್ತಾಯಿತು. ಮಂಜೇಶ್ವರದಿಂದ ಮಂಗಳೂರಿಗೆ ಸುಮಾರು 20 ಕಿ.ಮೀ., ಉಪ್ಪಳದಿಂದ ಸುಮಾರು 30, ಕಾಸರಗೋಡಿನಿಂದ ಸುಮಾರು 50. ಬಸ್ಸುಗಳು, ರೈಲು ಇವೆ, ಇಲ್ಲವೆಂದಲ್ಲ. ಆದರೆ ಶಿಫ್ಟ್ ಕೆಲಸದವನಿಗೆ, ರಾತ್ರಿ ಹತ್ತಕ್ಕೆ ಅಂಗಡಿಯ ಬಾಗಿಲು ಹಾಕಿ ಹೊರಡುವವನಿಗೆ ಬೈಕೇ ಗತಿ. ಉಪ್ಪಳದವನಿಗೆ ದಿನಕ್ಕೆ 60 ಕಿ.ಮೀ. ಆಯಿತು. ತಿಂಗಳಿಗೆ 25 ದಿನವೆಂದರೆ 1,500 ಕಿ.ಮೀ., ವರ್ಷಕ್ಕೆ 18,000. ಆ ಹುಡುಗ ಮೂರು ವರ್ಷದಲ್ಲಿ ಐವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಬಗ್ಗಿಯೇ ಓಡಿಸಿದ್ದಾನೆ. ನಗುವವರಲ್ಲಿ ಹೆಚ್ಚಿನವರು ಬೈಕ್ ತೆಗೆಯುವುದು ಆದಿತ್ಯವಾರ, ಅದೂ ತೊಳೆದು ಫೋಟೋ ತೆಗೆಯಲು.

"ಈಗ ಆರು ಪಥದ ಹೆದ್ದಾರಿ ಆಯಿತಲ್ಲ, ವೇಗದ ಬೈಕ್ ಬೇಡವೇ?" ಎಂದು ಕೇಳುತ್ತಾರೆ. ಆರು ಪಥವಾದದ್ದು ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ನಿಮ್ಮ ಮನೆ ಹೆದ್ದಾರಿಯ ಮೇಲಿಲ್ಲ. ಮನೆಯಿಂದ ಮುರಕಲ್ಲಿನ ಇಳಿಜಾರು, ಅಡಿಕೆ ತೋಟದ ಬದಿಯ ಪಂಚಾಯತ್ ರಸ್ತೆ, ಆಮೇಲೆ ಸರ್ವಿಸ್ ರೋಡ್, ಕೊನೆಗೆ ಹೆದ್ದಾರಿ. ತಲಪಾಡಿ ದಾಟಿ ತೊಕ್ಕೊಟ್ಟು ಮುಟ್ಟಿದ ಮೇಲೆ, ನೇತ್ರಾವತಿ ಸೇತುವೆಯ ಮೇಲೆ, ಪಂಪ್‌ವೆಲ್‌ನಲ್ಲಿ, ಬೆಳಿಗ್ಗೆ ಎಂಟೂವರೆಗೆ ನಿಮ್ಮ ಬೈಕ್ ಎಷ್ಟು ವೇಗ ಹೋಗುತ್ತದೆ? ಮುಂದಿನ ಬಸ್ಸು ಎಷ್ಟು ಹೋಗುತ್ತದೆಯೋ ಅಷ್ಟೇ.

ಸ್ಪೋರ್ಟ್ಸ್ ಬೈಕ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಯಮಹಾ ಆರ್15 2008ರಲ್ಲಿ ನಮ್ಮ ದೇಶಕ್ಕೆ ಬಂದಾಗ ಆ ಬೆಲೆಗೆ ಅಂಥ ಯಂತ್ರ ಇನ್ನೊಂದಿರಲಿಲ್ಲ. ಇವತ್ತಿಗೂ ಅದರ ಎಂಜಿನ್, ತಿರುವಿನಲ್ಲಿ ಅದು ನಿಲ್ಲುವ ರೀತಿ ನೋಡಿದರೆ ಮೆಚ್ಚಬೇಕು. ಆದರೆ ಅಂಥ ಬೈಕಿನ ಆಕಾರ ಹುಟ್ಟಿದ್ದು ರೇಸಿನ ಟ್ರ್ಯಾಕಿನಲ್ಲಿ. ಹ್ಯಾಂಡಲ್ ತಗ್ಗಿನಲ್ಲಿದೆ, ಕಾಲಿಡುವ ಪೆಗ್ ಹಿಂದಕ್ಕೆ ಮತ್ತು ಮೇಲಕ್ಕೆ ಇದೆ. ಸವಾರ ಟ್ಯಾಂಕಿನ ಮೇಲೆ ಬಗ್ಗಲೇಬೇಕು. ಟ್ರ್ಯಾಕಿನಲ್ಲಿ ಇದಕ್ಕೆ ಅರ್ಥವಿದೆ. ವೇಗ ಹೆಚ್ಚಿದಂತೆ ಎದುರು ಗಾಳಿ ಎದೆಯನ್ನು ಹಿಂದಕ್ಕೆ ಒತ್ತುತ್ತದೆ, ಬಗ್ಗಿದ ಮೈಯ ಭಾರವನ್ನು ಅರ್ಧಂಬರ್ಧ ಗಾಳಿಯೇ ಹೊರುತ್ತದೆ. ತೊಕ್ಕೊಟ್ಟಿನ ಜಾಮಿನಲ್ಲಿ ಇಪ್ಪತ್ತರ ವೇಗದಲ್ಲಿ ಯಾವ ಗಾಳಿ ಹೊರುತ್ತದೆ? ಭಾರವೆಲ್ಲ ಎರಡು ಮಣಿಕಟ್ಟಿನ ಮೇಲೆ ಬೀಳುತ್ತದೆ. ಅದೇ ಎಡಗೈಯಲ್ಲಿ ನಿಮಿಷಕ್ಕೊಮ್ಮೆ ಕ್ಲಚ್ ಒತ್ತಬೇಕು, ಬಲಗೈಯಲ್ಲಿ ಬ್ರೇಕ್. ಬಗ್ಗಿದ ಮೈಯಿಂದ ಮುಂದಿನ ರಸ್ತೆ ನೋಡಲು ಕುತ್ತಿಗೆ ಎತ್ತಬೇಕು, ಆ ಕುತ್ತಿಗೆಯ ಮೇಲೆ ಹೆಲ್ಮೆಟ್ಟಿನ ಭಾರ. ಮುಕ್ಕಾಲು ಗಂಟೆ ಹೀಗೆ ಹೋಗಿ, ಎಂಟು ಗಂಟೆ ಕಂಪ್ಯೂಟರಿನ ಮುಂದೆ ಕುಳಿತು, ಮತ್ತೆ ಮುಕ್ಕಾಲು ಗಂಟೆ ಹಾಗೆಯೇ ಬನ್ನಿ. ಬೆರಳು ಜೋಮು ಹಿಡಿಯದಿದ್ದರೆ ಆಶ್ಚರ್ಯ. ಜೋಮು ಹಿಡಿದ ಬೆರಳಿನಲ್ಲಿ ಮಳೆಗಾಲದ ಸಂಜೆ ಬ್ರೇಕ್ ಒತ್ತುವವನ ಮನೆಯವರು ಗೇಟಿನ ಹತ್ತಿರ ಏಕೆ ನಿಂತಿರುತ್ತಾರೆಂದು ಹೇಳಬೇಕಾಗಿಲ್ಲ.

ಇಲ್ಲಿ ಹಿರಿಯರ ಒಂದು ಮಾತು ಬರುತ್ತದೆ: "ಈಗಿನ ಮಕ್ಕಳಿಗೆ ಮೈ ಬಗ್ಗುವುದಿಲ್ಲ. ನಾವು ಸೈಕಲಿನಲ್ಲಿ ಹತ್ತು ಮೈಲಿ ಹೋಗುತ್ತಿದ್ದೆವು." ಹೋಗುತ್ತಿದ್ದಿರಿ, ಗೌರವ ಉಂಟು. ಆದರೆ ನಿಮ್ಮ ಆ ಕಪ್ಪು ಸೈಕಲನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹ್ಯಾಂಡಲ್ ಎತ್ತರ, ಸ್ಪ್ರಿಂಗಿನ ಅಗಲ ಸೀಟು, ಬೆನ್ನು ಗೋಡೆಯಂತೆ ನೆಟ್ಟಗೆ. ಆ ಸೈಕಲ್ ನಿಮಗೆ ಕೊಟ್ಟ ಸುಖವನ್ನೇ ಈ ಹುಡುಗ ಬೈಕಿನಲ್ಲಿ ಹುಡುಕುತ್ತಿದ್ದಾನೆ. ನಸುಕಿಗೆ ಬಂದರಿನಿಂದ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಎಂ80ಯಲ್ಲಿ ಊರೂರು ಸುತ್ತುವವರನ್ನು ನೋಡಿದ್ದೀರಲ್ಲ? ಗಾಡಿ ದಿನಾ ಓಡಬೇಕು, ಮೈ ದಿನಾ ಏಳಬೇಕು ಎಂದು ಬಲ್ಲವರು ಅವರು. ಚೆಂದ ಕಾಣಲೆಂದು ಅವರು ಗಾಡಿ ತೆಗೆದದ್ದನ್ನು ನಾವು ಕಂಡಿಲ್ಲ.

ಇನ್ನು ನಮ್ಮ ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇವೆ. ಹಿಂದಿನ ಸೀಟು.

ನಮ್ಮ ಅಮ್ಮಂದಿರು ಯಾವುದರಲ್ಲಿ ಚರ್ಚಿಗೆ ಬರುತ್ತಾರೆಂದು ಬರುವ ಆದಿತ್ಯವಾರ ಗೇಟಿನಲ್ಲಿ ನಿಂತು ನೋಡಿ. ಮನೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಬೆಲೆಯ ಬೈಕ್ ನಿಂತಿದೆ, ಅಮ್ಮ ರಿಕ್ಷಾದಿಂದ ಇಳಿಯುತ್ತಾರೆ. ಏಕೆಂದರೆ ಆ ಬೈಕಿನ ಹಿಂದಿನ ಸೀಟು ಅವರಿಗಾಗಿ ಮಾಡಿದ್ದೇ ಅಲ್ಲ. ಅದು ಅಂಗೈ ಅಗಲದ ತುಂಡು, ಸವಾರನ ಸೀಟಿಗಿಂತ ಮೆಟ್ಟಿಲಷ್ಟು ಎತ್ತರ, ಹಿಡಿಯಲು ಏನೂ ಇಲ್ಲ. ಆರ್15ರಲ್ಲಿ ಸವಾರ ಕೂರುವ ಸೀಟಿನ ಎತ್ತರವೇ 815 ಮಿ.ಮೀ.; ಹಿಂದಿನದ್ದು ಅದಕ್ಕೂ ಮೇಲೆ. ಸ್ಪ್ಲೆಂಡರ್ ಪ್ಲಸ್‌ನ ಸೀಟು 785 ಮಿ.ಮೀ., ಹಿಂದೆ ಮುಂದೆ ಒಂದೇ ಉದ್ದ ಸೀಟು, ಬೈಕಿನ ತೂಕ ಬರೀ 112 ಕೆ.ಜಿ. ಮೊಣಕಾಲು ನೋವಿನ ಅರುವತ್ತರ ಹೆಂಗಸು ಸೀರೆ ಉಟ್ಟು ಯಾವುದನ್ನು ಹತ್ತಿಯಾರು?

ಹತ್ತಿದರೂ ಸೀರೆಯ ಸೆರಗು ಎಲ್ಲಿಗೆ ಹೋಗುತ್ತದೆ? ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಎಂದೊಂದು ಉಂಟು, 1989ರದ್ದು. ಹಿಂದೆ ಕೂರುವವರಿಗೆ ಹಿಡಿಯಲು ಕೈಹಿಡಿ, ಕಾಲಿಡಲು ಪೆಗ್, ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ತಡೆ, ಈ ಮೂರೂ ಬೈಕಿನಲ್ಲಿ ಇರಲೇಬೇಕು ಎನ್ನುತ್ತದೆ ಅದು. ನಾವು ಸೀರೆ ಗಾರ್ಡ್ ಎನ್ನುವುದು ಆ ತಡೆಗೇ. ನಮ್ಮ ಹುಡುಗರು ಬೈಕ್ ಮನೆಗೆ ತಂದ ವಾರದಲ್ಲಿ ಮಾಡುವ ಮೊದಲ ಕೆಲಸ ಅದನ್ನು ಕಳಚುವುದು. ಲುಕ್ ಹಾಳಾಗುತ್ತದಂತೆ! ಚಕ್ರಕ್ಕೆ ಸೆರಗು ಅಥವಾ ಶಾಲು ಸುತ್ತಿ ಹಿಂದೆ ಕುಳಿತವರು ರಸ್ತೆಗೆ ಬಿದ್ದ ಸುದ್ದಿಯನ್ನು ಪೇಪರಿನಲ್ಲಿ ಓದಿದವರೇ ಮರುದಿನ ಸ್ಪ್ಯಾನರ್ ಹಿಡಿದು ಕೂರುತ್ತಾರೆ. ‘ಅಂಕಲ್ ಬೈಕ್’ ಎಂದು ನಗುವ ನಿಮ್ಮಲ್ಲಿ ಎಷ್ಟು ಜನರ ಬೈಕಿನಲ್ಲಿ ಈಗ ಗಾರ್ಡ್ ಉಂಟು? ನಾವು ಕೇಳುತ್ತಿದ್ದೇವೆ, ಉತ್ತರ ಕೊಡಿ.

ಆ ಹುಡುಗ ಬೈಕ್ ಬದಲಿಸಿದ ಮೇಲೆ ಅವನ ತಾಯಿ ಅವನ ಹಿಂದೆಯೇ ಕುಳಿತು ಬರುತ್ತಾರೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ, ಚರ್ಚಿಗೆ ಬರುವಾಗ ರಿಯಾಯಿತಿ ಏನೂ ಇಲ್ಲ. ಕೂದಲು ಕೆದರುತ್ತದೆಂದು ಮೊದಲೆರಡು ವಾರ ಗೊಣಗಿದರಂತೆ. ಈಗ ಸಂತೆಗೂ ಅವನೇ ಕರೆದುಕೊಂಡು ಹೋಗಬೇಕು.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇವೆ. ಒಂದು ಲೀಟರಿಗೆ 40 ಕಿ.ಮೀ. ಕೊಡುವ ಬೈಕಿನಲ್ಲಿ ತಿಂಗಳಿಗೆ 1,500 ಕಿ.ಮೀ. ಓಡಿಸಲು 37.5 ಲೀಟರ್ ಬೇಕು. 60 ಕೊಡುವುದರಲ್ಲಿ 25 ಸಾಕು. ತಿಂಗಳಿಗೆ ಹನ್ನೆರಡೂವರೆ ಲೀಟರ್ ಉಳಿತಾಯ. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ 15,000 ರೂಪಾಯಿ. ಕರ್ನಾಟಕದ ಕಡೆ ಅಗ್ಗವೆಂದು ಗಡಿ ದಾಟಿ ಟ್ಯಾಂಕ್ ತುಂಬಿಸಿ, ಲೀಟರಿಗೆ ನಾಲ್ಕೈದು ರೂಪಾಯಿ ಉಳಿಸಿದೆವೆಂದು ಹೆಮ್ಮೆಪಡುವ ಜನ ನಾವು. ಅಗಲ ಟಯರಿನ ಬೆಲೆ, ಸರ್ವಿಸಿನ ಬಿಲ್ಲು ಬೇರೆ. ಇಷ್ಟು ಸಾಕು.

ನಗುವವರ ಒಂದೇ ಒಂದು ವಾದಕ್ಕೆ ತೂಕವಿದೆ, ಅದನ್ನು ಮುಚ್ಚಿಡುವುದಿಲ್ಲ. ಬ್ರೇಕ್. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. 125 ಮತ್ತು ಅದರ ಕೆಳಗಿನವಕ್ಕೆ ಸಿಬಿಎಸ್ ಸಾಕೆಂದಾಯಿತು. ಎಬಿಎಸ್ ಇದ್ದರೆ ಗಾಬರಿಯಲ್ಲಿ ಬ್ರೇಕ್ ಒತ್ತಿಹಿಡಿದಾಗ ಚಕ್ರ ಲಾಕ್ ಆಗಿ ಜಾರುವುದಿಲ್ಲ. ಸಿಬಿಎಸ್ ಬೇರೆ, ಅದು ಹಿಂದಿನ ಬ್ರೇಕ್ ಒತ್ತಿದಾಗ ಮುಂದಿನದ್ದನ್ನೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಜೂನ್‌ನಿಂದ ಸಪ್ಟೆಂಬರ್‌ವರೆಗೆ ಒದ್ದೆ ರಸ್ತೆಯಲ್ಲಿಯೇ ಬದುಕುವ ನಮಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಇದಕ್ಕೆ ಉತ್ತರ ಮತ್ತೆ ಹೋಗಿ ಬಗ್ಗುವ ಬೈಕ್ ತರುವುದಲ್ಲ. ನೆಟ್ಟಗೆ ಕೂರಿಸಿ, ಉದ್ದ ಸೀಟು ಕೊಟ್ಟು, ಎಬಿಎಸ್ಸನ್ನೂ ಇಟ್ಟುಕೊಂಡ 150-160 ಸಿಸಿಯ ಸಾದಾ ಬೈಕುಗಳೂ ಸಿಗುತ್ತವೆ, ಹೋಂಡಾ ಯುನಿಕಾರ್ನ್‌ನಂಥವು. ಕಾಸರಗೋಡಿನಿಂದ ದಿನಾ ನೂರು ಕಿ.ಮೀ. ಓಡಿಸುವವನಿಗೆ ನಾವು ಅದನ್ನೇ ಹೇಳುತ್ತೇವೆ. ಮಂಜೇಶ್ವರದವನಿಗೆ 125 ಸಾಕು.

ಸುಖದ ಬೈಕ್ ಎಂದೊಡನೆ ಮೆತ್ತಗಿನ ಸೋಫಾ ಎಂದುಕೊಂಡು ಇನ್ನೊಂದು ಹೊಂಡಕ್ಕೆ ಬೀಳುವವರೂ ಇದ್ದಾರೆ, ಅವರಿಗೂ ಎರಡು ಮಾತು. ಶೋರೂಮಿನಲ್ಲಿ ಕುಳಿತಾಗ ಹತ್ತಿಯಂತಿರುವ ಸೀಟು ಅರ್ಧ ಗಂಟೆಯಲ್ಲಿ ತಗ್ಗಿ ಅಡಿಯ ಹಲಗೆ ತಾಗುತ್ತದೆ. ಸ್ವಲ್ಪ ಗಟ್ಟಿ ಸೀಟೇ ದೂರಕ್ಕೆ ಒಳ್ಳೆಯದು. ಕಾಲು ಮುಂದಕ್ಕೆ ಚಾಚಿ ಕೂರುವ ಕ್ರೂಸರ್ ನೋಡಲು ಆರಾಮಕುರ್ಚಿ. ಆದರೆ ಹಂಪ್ ಬಂದಾಗ ಪೆಗ್ ಮೇಲೆ ಒತ್ತು ಕೊಟ್ಟು ಸೊಂಟ ಎತ್ತಲು ಅದರಲ್ಲಿ ಆಗುವುದಿಲ್ಲ, ಏಟು ನೇರ ಬೆನ್ನುಹುರಿಗೆ ಬೀಳುತ್ತದೆ. ಹಳ್ಳಿಯ ಗೌರವವೆಂದು 350 ಸಿಸಿಯ ಕ್ಲಾಸಿಕ್ ತೆಗೆಯುವವರು ಅದರ 195 ಕೆ.ಜಿ. ತೂಕವನ್ನು ಮಳೆಯಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಒಂದು ಸಲ ಹಿಂದಕ್ಕೆ ತಳ್ಳಿ ನೋಡಲಿ, ಆಮೇಲೆ ಮುಂಗಡ ಕೊಡಲಿ. ಸ್ಕೂಟರು ಅಮ್ಮಂದಿರಿಗೂ ಅಕ್ಕಿ ಚೀಲಕ್ಕೂ ಸ್ನೇಹಿತ, ಸಂಶಯವಿಲ್ಲ, ಹತ್ತಿರದ ಓಡಾಟಕ್ಕೆ ಅದೇ ವಾಸಿ. ಆದರೆ ಅದರ ಸಣ್ಣ ಚಕ್ರ ಹೊಂಡಕ್ಕೆ ಇಳಿದು ಹತ್ತುತ್ತದೆ, ಬೈಕಿನ ದೊಡ್ಡ ಚಕ್ರ ಅದೇ ಹೊಂಡದ ಮೇಲೆ ಹಾದುಹೋಗುತ್ತದೆ. ಕುಳಿತಾಗ ಎರಡೂ ಪಾದ ನೆಲಕ್ಕೆ ತಾಗಬೇಕು, ಮೊಣಕೈ ಸ್ವಲ್ಪ ಮಡಚಿರಬೇಕು, ಹ್ಯಾಂಡಲ್ ಹಿಡಿದರೂ ಮಣಿಕಟ್ಟಿನ ಮೇಲೆ ಭಾರ ಬೀಳಬಾರದು. ಶೋರೂಮಿನ ಸುತ್ತ ಎರಡು ನಿಮಿಷದ ಟೆಸ್ಟ್ ರೈಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ಅದೇ ಬೈಕ್ ಇರುವ ಗೆಳೆಯನನ್ನು ಹುಡುಕಿ, ಒಂದು ಸಲ ಕೆಲಸಕ್ಕೆ ಹೋಗಿ ಬನ್ನಿ. ಬರುವಾಗ ಹಿಂದೆ ಮನೆಯವರನ್ನೂ ಕೂರಿಸಿ.

ಮಾರುವವರಿಗೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಕಾಗದಪತ್ರದ ಮಾತು ಹೇಳದೆ ಬಿಡಲಾಗದು, ಗಡಿಯಲ್ಲಿರುವ ನಮಗೆ ಅದು ಬೇರೆಯವರಿಗಿಂತ ಹೆಚ್ಚು ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇದ್ದರೆ ಮೊದಲು ಫಾರ್ಮ್ 35 ಕೊಟ್ಟು ತೆಗೆಸಿ. ಮಾರುವಾಗ ಫಾರ್ಮ್ 29 ಮತ್ತು 30. "ಆಮೇಲೆ ಮಾಡುವ" ಎಂದು ಸಹಿ ಹಾಕಿದ ಖಾಲಿ ಫಾರ್ಮನ್ನು ದಲ್ಲಾಳಿಯ ಕೈಗೆ ಕೊಟ್ಟು ಬಂದರೆ, ನಾಳೆ ಆ ಬೈಕ್ ಮಾಡುವ ಅಪಘಾತದ ನೋಟಿಸ್ ನಿಮ್ಮ ಮನೆಗೆ ಬಂದೀತು. ಮಂಗಳೂರಿನಲ್ಲಿ ಕೆಎ-19ರ ಬೈಕ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಇಲ್ಲಿ ವರ್ಷಗಟ್ಟಲೆ ಓಡಿಸುವವರಿಗೂ ಹೇಳುತ್ತೇವೆ: ಒಂದು ರಾಜ್ಯದ ವಾಹನವನ್ನು ಇನ್ನೊಂದರಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಹೊಸ ನಂಬರು ಮಾಡಿಸಬೇಕು. ಅಲ್ಲಿಂದ ಎನ್‌ಒಸಿ, ಇಲ್ಲಿ ತೆರಿಗೆ, ಕೆಎಲ್-14. ಆ ಖರ್ಚನ್ನು ಸೇರಿಸಿ ನೋಡಿದರೆ ಅಗ್ಗದ ಬೈಕ್ ಅಷ್ಟೇನೂ ಅಗ್ಗವಾಗಿ ಉಳಿಯದಿರಬಹುದು. ಬಗ್ಗುವ ಬೈಕಿಗೆ ಎತ್ತರದ ಹ್ಯಾಂಡಲ್ ಜೋಡಿಸಿದರೆ ಸಾಲದೇ ಎನ್ನುವವರಿಗೆ ಚಿಕ್ಕ ಉತ್ತರ: ಕೇಬಲ್, ಬ್ರೇಕಿನ ಹೋಸ್ ಎಳೆದು ನಿಲ್ಲುತ್ತವೆ, ಪೆಗ್ ಹಿಂದೆಯೇ ಉಳಿಯುತ್ತದೆ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಕಾನೂನೂ ಒಪ್ಪುವುದಿಲ್ಲ.

ತಂದೆತಾಯಿಯರೇ, ನಿಮ್ಮನ್ನೂ ಬಿಡುವುದಿಲ್ಲ. "ಅಷ್ಟು ದುಡ್ಡು ಕೊಟ್ಟು ತೆಗೆದದ್ದನ್ನು ಅರ್ಧಕ್ಕೆ ಮಾರುವುದೇ? ಜನ ಏನೆಂದಾರು? ನಾಳೆ ಸಂಬಂಧ ನೋಡಲು ಬಂದವರು ಅಂಗಳದಲ್ಲಿ ಈ ಬೈಕ್ ನೋಡಿದರೆ?" ಈ ಮಾತು ನಾವು ಒಂದಲ್ಲ, ನಾಲ್ಕು ಮನೆಗಳಲ್ಲಿ ಕೇಳಿದ್ದೇವೆ. ಸಾಲ ಮಾಡಿ ಬೈಕ್ ಕೊಡಿಸುವಾಗ ಮಗನ ಬೆನ್ನು ಹೇಗಿದೆಯೆಂದು ಯಾರೂ ಕೇಳಲಿಲ್ಲ. ಪಕ್ಕದ ಮನೆಯ ಹುಡುಗನ ಬೈಕ್ ಯಾವುದೆಂದು ಕೇಳಿದಿರಿ. ಸಂಬಂಧ ನೋಡಲು ಬಂದವರು ಬೈಕ್ ನೋಡಿ ಹಿಂದೆ ಹೋಗುವುದಾದರೆ ಹೋಗಲಿ, ಬಾಳೆಹಣ್ಣು ಮನೆಯವರೇ ತಿನ್ನಬಹುದು. ಮದುವೆಯಾಗಿ ಬರುವ ಹುಡುಗಿಯೂ ಆ ಹಿಂದಿನ ಸೀಟಿನಲ್ಲಿಯೇ ಕೂರಬೇಕಾದವಳು, ಅವಳನ್ನು ಕೇಳಿ ನೋಡಿ.

ವೇಗದ ಬೈಕಿನ ಮೇಲೆ ನಿಜವಾದ ಪ್ರೀತಿ ಇರುವವರ ಜೊತೆ ನಮಗೆ ಜಗಳವಿಲ್ಲ. ಅದನ್ನು ಬಿಚ್ಚಿ ಜೋಡಿಸುವವರು, ಸರಿಯಾದ ಜಾಕೆಟ್ಟು ಗ್ಲೌಸು ಹಾಕಿ ರಜೆಯಲ್ಲಿ ದೂರ ಹೋಗಿ ಬರುವವರು ನಮ್ಮಲ್ಲೂ ಇದ್ದಾರೆ. ಇಟ್ಟುಕೊಳ್ಳಲಿ, ಅದು ಅವರ ಸಂತೋಷ. ನೋಡಿ, ಬೈಕ್ ಬದಲಿಸಿದ ಹುಡುಗನನ್ನು ನಕ್ಕವರಲ್ಲಿ ಅವರು ಒಬ್ಬರೂ ಇರಲಿಲ್ಲ. ನಕ್ಕವರು ಬೇರೆ.

ಅವರಿಗೆ ಕೊನೆಯದಾಗಿ ಒಂದು ಕೆಲಸ ಕೊಡುತ್ತೇವೆ. ಕಳಚಿಟ್ಟ ಸೀರೆ ಗಾರ್ಡ್ ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಬಿದ್ದಿರುತ್ತದೆ, ತುಕ್ಕು ಹಿಡಿದಿದ್ದರೆ ಮೆಕ್ಯಾನಿಕ್ ಹತ್ತಿರ ಬೇರೆ ಸಿಗುತ್ತದೆ. ಮೂರೋ ನಾಲ್ಕೋ ಬೋಲ್ಟು, ಕಾಲು ಗಂಟೆಯ ಕೆಲಸ. ಶನಿವಾರ ಸಂಜೆ ಅದನ್ನು ಹಾಕಿಸಿ, ಆದಿತ್ಯವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಚರ್ಚಿಗೆ ಬನ್ನಿ. ಅವರು ಹತ್ತುವುದಕ್ಕೂ ಇಳಿಯುವುದಕ್ಕೂ ಎಷ್ಟು ಕಷ್ಟಪಟ್ಟರೆಂದು ನೋಡಿಕೊಳ್ಳಿ. ಆಮೇಲೆ ಆ ಹುಡುಗನ ಬೈಕಿನ ಬಗ್ಗೆ ಏನಾದರೂ ಹೇಳಲಿಕ್ಕಿದ್ದರೆ ಅಂಗಳದಲ್ಲಿ, ಅವನ ತಾಯಿಯ ಎದುರಿನಲ್ಲಿಯೇ ಹೇಳಿ.